ಬಲಗೈಯ ಬಾಬ್ತು

ನೀಲಕಂಠಪ್ಪನಿಗೆ ಯಾರ ಮೇಲೂ ದ್ವೇಷವಿರಲಿಲ್ಲ, ನಂಬಿಕೆಯೂ ಇರಲಿಲ್ಲ. ಮುಂಬಯಿಯ ಬೈಕುಲ್ಲಾದ ಒಣಮೆಣಸಿನಕಾಯಿಯ ಸಗಟು ಅಂಗಡಿಯೊಂದರಲ್ಲಿ ಮಾಲು ತಪಾಸಣೆ ಮಾಡುವುದು ಅವನ ಕೆಲಸ. ಚೀಲದ ಬಾಯಿಗೆ ಕೆಂಪು ಬ್ಯಾಡಗಿ, ತಳಕ್ಕೆ ಬೂಸಲು ಹಿಡಿದ ಹೋದ ವರ್ಷದ ಸರಕು ತುಂಬಿ ಕಳಿಸುವ ಜನರ ನಡುವೆ ಆಯುಷ್ಯ ಕಳೆದವನು ಸಂಜೆ ದಹಿಸರಿನ ಮನೆಗೆ ಬಂದ ಮೇಲೂ ಆ ಕಣ್ಣನ್ನು ಕಳಚಿಡುತ್ತಿರಲಿಲ್ಲ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಎಂದುಕೊಳ್ಳುವನು. ಸೊಸೈಟಿಯ ಸೆಕ್ರೆಟರಿ ತಾನಾಗಿ ನಮಸ್ಕಾರ ಮಾಡಿದರೆ ಮೇಂಟೆನೆನ್ಸ್ ಏರಲಿದೆ ಎಂದು ತಿಳಿಯುವನು. ಅದು ಏರುತ್ತಲೂ ಇತ್ತು. ಹೀಗಾಗಿ ಸ್ವಭಾವ ತಿದ್ದಿಕೊಳ್ಳುವುದಕ್ಕೆ ಲೋಕ ಅವನಿಗೆ ಒಂದು ಅವಕಾಶವನ್ನೂ ಕೊಟ್ಟಿರಲಿಲ್ಲ.

ಇಂಥವನ ಹೆಂಡತಿ ಚಂದ್ರವ್ವನ ಬಲಗೈ ಬಿಲ್ಡಿಂಗಿನ ಲಿಫ್ಟಿನಲ್ಲಿ ಸಿಕ್ಕಿಕೊಂಡಿತು. ಜಾಳಿಗೆ ಬಾಗಿಲಿನ ಹಳೆಯ ಲಿಫ್ಟು. ತಮ್ಮ ಮಾಳಿಗೆಗೆ ಬಂದು ನಿಂತಿದೆ ಎಂದು ಆಕೆ ಬಾಗಿಲು ಸರಿಸಲು ಹೋದಳು. ಅದು ನಿಂತಿರಲಿಲ್ಲ, ನಿಲ್ಲಬೇಕೋ ಬೇಡವೋ ಎಂದು ವಿಚಾರ ಮಾಡುತ್ತಿತ್ತು. ಮೊಳದಷ್ಟು ಕೆಳಗೆ ಜಾರಿತು. ಲಿಫ್ಟು ನೋಡಿಕೊಳ್ಳುವ ಕಂಪನಿಯ ಮೆಕ್ಯಾನಿಕ್ ಹಿಂದಿನ ವಾರವಷ್ಟೇ ಬಂದು, ಚಹಾ ಕುಡಿದು, ಎಲ್ಲ ಸರಿಯಿದೆ ಎಂದು ಹೇಳಿ ಹೋಗಿದ್ದ. ಡಾಕ್ಟರು ಕೈ ಉಳಿಸಿದರು. ಎರಡು ಬೆರಳು ಮಡಚಲಾರವು, ಮಣಿಕಟ್ಟು ತಿರುಗಲಾರದು ಎಂದರು. ಅಂದರೆ ಕೈ ನೋಡಲಿಕ್ಕೆ ಉಳಿಯಿತು.

ಕಂಪನಿಯ ಕಡೆಯವನೊಬ್ಬ ಆಸ್ಪತ್ರೆಗೇ ಬಂದ. ಸೇಬಿನ ಹಣ್ಣು ತಂದಿದ್ದ. ನೀಲಕಂಠಪ್ಪ ಪೊಟ್ಟಣದ ತಳದಿಂದ ಒಂದು ಹಣ್ಣು ತೆಗೆದು ಮೂಸಿದ. ಅದೂ ಚೆನ್ನಾಗಿಯೇ ಇತ್ತು. ಅವನ ಸಂಶಯ ಇನ್ನಷ್ಟು ಗಟ್ಟಿಯಾಯಿತು. ಬಂದವನು ಮರುಕದ ಹಿಂದಿಯಲ್ಲಿ ಅದೂ ಇದೂ ಕೇಳಿ ಬರೆದುಕೊಂಡ. ಬಾಯಿಯವರು, ಅಂದರೆ ಹೆಂಡತಿ, ಏನಾದರೂ ಕೆಲಸ ಮಾಡುತ್ತಾರೆಯೇ ಎಂದೂ ಕೇಳಿದ. ನೀಲಕಂಠಪ್ಪ ಎದೆ ಸೆಟೆಸಿ, ನಮ್ಮ ಮನೆಯ ಹೆಂಗಸರು ದುಡಿಯುವುದಿಲ್ಲ, ನಾನು ದುಡಿಯುತ್ತೇನೆ, ಆಕೆ ಮನೆಯಲ್ಲಿರುತ್ತಾಳೆ ಎಂದ. ಸಹಿ ಹಾಕುವ ಮುಂಚೆ ಪ್ರತಿ ಸಾಲನ್ನೂ ಬೆರಳಿಟ್ಟು ಓದಿದ. ಆ ಒಂದು ಸಾಲನ್ನು ಮಾತ್ರ ಬೆರಳಿಲ್ಲದೆ ದಾಟಿದ, ಯಾಕೆಂದರೆ ಅದು ಅವನದೇ ಮಾತು.

ಮಂಚದ ಮೇಲೆ ಮಲಗಿದ್ದ ಚಂದ್ರವ್ವ ಗೋಡೆಯ ಕಡೆ ಮಗ್ಗುಲಾದಳು. ನೋವಿರಬೇಕು ಎಂದು ಅವನು ತಿಳಿದ.

ವಕೀಲೆ ಹರಿಣಿ ಸಿಕ್ಕದ್ದು ಬೋರಿವಿಲಿಯಲ್ಲಿ. ಮುಂಬಯಿಯಲ್ಲೇ ಹುಟ್ಟಿದ ಕರಾವಳಿಯ ಹುಡುಗಿ. ಮನೆಯಲ್ಲಿ ತುಳು, ಕೋರ್ಟಿನಲ್ಲಿ ಇಂಗ್ಲಿಷು, ಹೊಟ್ಟೆಪಾಡಿಗೆ ಹಿಂದಿ. ಕನ್ನಡವನ್ನು ಆಕೆ ಎರವಲು ತಂದ ಪಾತ್ರೆಯಂತೆ ಜೋಪಾನವಾಗಿ ಬಳಸುತ್ತಿದ್ದಳು. ನಷ್ಟಪರಿಹಾರ ಎಂದರೆ ಒಂದೇ ಮೊತ್ತವಲ್ಲ, ಅದರಲ್ಲಿ ಬಾಬ್ತುಗಳಿವೆ ಎಂದು ಆಕೆ ಮೊದಲ ದಿನವೇ ವಿವರಿಸಿದಳು. ಆಸ್ಪತ್ರೆ, ಔಷಧಿ, ರಿಕ್ಷಾ, ಇವಕ್ಕೆಲ್ಲ ರಸೀದಿ ಉಂಟು, ಅದು ಒಂದು. ನೋವಿಗೆ ರಸೀದಿ ಇಲ್ಲ. ಅದನ್ನು ಜಡ್ಜರು ಅಂದಾಜಿನ ಮೇಲೆ ಕೊಡುತ್ತಾರೆ. ಇನ್ನು ಮುಂದೆ ಮಾಡಲಾಗದ ಕೆಲಸಕ್ಕೆ, ನಿಂತುಹೋದ ಗಳಿಕೆಗೆ ಬೇರೆ. ಕಂಪನಿ ಬೇಕಂತಲೇ ಉಡಾಫೆ ಮಾಡಿದ್ದು ಸಾಬೀತಾದರೆ ಅವರಿಗೆ ಬುದ್ಧಿ ಬರಲಿ ಎಂದು ಶಿಕ್ಷೆಯ ರೂಪದಲ್ಲಿ ಇನ್ನೊಂದಿಷ್ಟು, ಆದರೆ ಅದು ಸಿಗುವುದು ಅಪರೂಪ. ಮತ್ತು ಕೊನೆಯದು: ತಪ್ಪು ಆದದ್ದು ಹೌದು, ನಷ್ಟ ಏನೂ ಕಾಣುವುದಿಲ್ಲ ಎಂದು ಜಡ್ಜರಿಗೆ ಅನ್ನಿಸಿದರೆ, ಬರೀ ಹೆಸರಿಗೆ ಒಂದು ರೂಪಾಯಿ.

“ಒಂದು ರೂಪಾಯಿ ಯಾರಿಗೆ ಬೇಕವ್ವಾ?” ಎಂದ ನೀಲಕಂಠಪ್ಪ.

“ಕೆಲವರಿಗೆ ಅದೇ ಬೇಕಾಗ್ತದೆ ಅಂಕಲ್. ಅಪವಾದ ಬಂದು ಹೆಸರು ಕೆಟ್ಟವರು ಕೇಳಿ ತಕ್ಕೊಳ್ತಾರೆ.”

ದರ ಗೊತ್ತಿಲ್ಲದ ಮಾಲಿನ ವ್ಯವಹಾರ ನೀಲಕಂಠಪ್ಪನಿಗೆ ಸರಿಬರಲಿಲ್ಲ. ನೋವಿನ ಅಂದಾಜು ಯಾವ ಪೇಟೆಯಲ್ಲಿ ಗೊತ್ತಾಗುತ್ತದೆ? ಜಡ್ಜರು ಆ ದಿನ ಹಲ್ಲುನೋವು ಇಟ್ಟುಕೊಂಡು ಬಂದಿದ್ದರೆ ಹೆಚ್ಚು ಕೊಡುತ್ತಾರೋ? ಈ ಹುಡುಗಿಗೂ ಕಂಪನಿಗೂ ಒಳಗೊಳಗೇ ಏನಾದರೂ ಇರಬಹುದೋ? ಆಕೆ ಕೆಲಸದ ಬಗ್ಗೆ ಕೇಳಿದಾಗ, ಆಸ್ಪತ್ರೆಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದ. ಚಂದ್ರವ್ವ ಪಟ್ಟಿ ಸುತ್ತಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಮೇಜಿನ ಮೇಲಿದ್ದ ಪೇಪರ್‌ವೇಟನ್ನು ನೋಡುತ್ತ ಕೂತಳು.

ಹೊರಡುವಾಗ ಹರಿಣಿ ಇನ್ನೊಂದು ಎಚ್ಚರಿಕೆ ಕೊಟ್ಟಳು. ಇಂಥ ಕೇಸುಗಳಲ್ಲಿ ಎದುರಿನವರು ಗುಟ್ಟಾಗಿ ಜನ ಕಳಿಸುವುದುಂಟು. ಆಂಟಿ ಆ ಕೈಯಲ್ಲಿ ಬಕೆಟ್ ಎತ್ತಿದರೋ, ಬಟ್ಟೆ ಹಿಂಡಿದರೋ ಎಂದು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ ಕೋರ್ಟಿಗೆ ತೋರಿಸುತ್ತಾರೆ. ಯಾರಾದರೂ ಹೊಸಬರು ಬಂದರೆ ಜಾಗ್ರತೆ.

ನೀಲಕಂಠಪ್ಪನ ಜನ್ಮದಲ್ಲಿ ಇಷ್ಟು ಮನಸ್ಸಿಗೆ ಹಿಡಿಸಿದ ಸಲಹೆಯನ್ನು ಯಾರೂ ಕೊಟ್ಟಿರಲಿಲ್ಲ. ಅಂಗಡಿಗೆ ರಜೆ ಹಾಕಿ, ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು, ಪೇಪರನ್ನು ಅಡ್ಡ ಹಿಡಿದು ಕಾವಲು ಕೂತ. ಮದುವೆಯಾದಾಗಿನಿಂದ ಕೆಲಸದ ದಿನ ಹಗಲು ಹೊತ್ತಿನಲ್ಲಿ ಅವನು ಮನೆಯನ್ನು ನೋಡಿಯೇ ಇರಲಿಲ್ಲ. ಬೆಳಗಿನ ಲೋಕಲ್ ಹಿಡಿದು ಹೋದರೆ ದೀಪ ಹಚ್ಚಿದ ಮೇಲೆ ಬರುವವನು. ಹಗಲಿನ ಮನೆ ಯಾರದೋ ಮನೆಯಂತೆ ಇತ್ತು.

ಊಟದ ಹೊತ್ತಿಗೆ ಮುಂಚೆ ಬೆಲ್ ಆಯಿತು. ಬಾಗಿಲಲ್ಲಿ ಒಬ್ಬ ತರುಣ, ಬೆನ್ನಿಗೆ ಚೀಲ, ಕೈಯಲ್ಲಿ ಮಡಚಿದ ಬಿಳಿ ಅರಿವೆ. ನೀಲಕಂಠಪ್ಪನನ್ನು ಮೇಲಿಂದ ಕೆಳಗೆ ನೋಡಿ ಅವನೇ ಮೊದಲು ಕೇಳಿದ:

“ನೀವ್ಯಾರ್ರಿ?”

ಸ್ವಂತ ಹೊಸ್ತಿಲ ಮೇಲೆ ನಿಂತು ಈ ಪ್ರಶ್ನೆಗೆ ಉತ್ತರ ಕೊಡುವ ಪ್ರಸಂಗ ನೀಲಕಂಠಪ್ಪನಿಗೆ ಬಂದಿರಲಿಲ್ಲ. ಸಿಕ್ಕಿಬಿದ್ದ ಎಂದು ಒಳಗೊಳಗೇ ಹಿಗ್ಗಿದ. ಒಳಗೆ ಕೂರಿಸಿ ವಿಚಾರಣೆ ಶುರುಮಾಡಿದ. ಹೆಸರು ಸುಹಾಸ. ಊರು ನಿಪ್ಪಾಣಿ ಕಡೆಯದು. ಕಾಂದಿವಲಿಯ ಔಷಧಿ ಗೋದಾಮಿನಲ್ಲಿ ಕೆಲಸ. ನಿಪ್ಪಾಣಿಯ ಬಸ್‌ಸ್ಟ್ಯಾಂಡಿನ ಹಿಂದೆ ಏನಿದೆ ಎಂದು ಕೇಳಿದರೆ ಸರಿಯಾಗಿ ಹೇಳಿದ. ಕಂಪನಿಯವರು ಚೆನ್ನಾಗಿ ತಯಾರಿ ಮಾಡಿ ಕಳಿಸಿದ್ದಾರೆ ಎಂದುಕೊಂಡ ನೀಲಕಂಠಪ್ಪ. ಮೊಬೈಲನ್ನು ಟೀಪಾಯಿಯ ಮೇಲೆ ಬೋರಲು ಇಡಿಸಿದ. ಆ ಅರಿವೆ ಯಾಕೆ ಎಂದು ಕೇಳಿದಾಗ ಹುಡುಗ ನಾಚಿಕೊಂಡ.

“ರೂಢಿ ಆಗೇತ್ರಿ ಕಾಕಾ. ಅವ್ವನ ಕೈ ನೋಡಿ ಹೋಗೂಣಂತ ಬಂದ್ನಿ, ಬರುವಾಗ ಕೈಯಾಗ ರೊಟ್ಟಿ ಕಟ್ಟೂ ಅರಿವಿ ಬಂತು. ಎರಡು ತಿಂಗಳಾತು, ಹೋಟೆಲ್ಲಿನ ಚಪಾತಿ ತಿಂದು ಹೊಟ್ಟಿ ಸತ್ತೈತಿ.”

ಅಷ್ಟರಲ್ಲಿ ಇನ್ನಿಬ್ಬರು ಬಂದರು. ಅವರ ಹಿಂದೆ ಶರಣಬಸಪ್ಪ ಬಂದ. ವಿಜಯಪುರದ ಕಡೆಯ ಸೆಂಟರಿಂಗ್ ಮೇಸ್ತ್ರಿ. ಹಣೆತುಂಬ ವಿಭೂತಿ, ದಹಿಸರಿನ ಕನ್ನಡಿಗರ ಸಂಘದಲ್ಲಿ ಎಲ್ಲರೂ ಎದ್ದು ಜಾಗ ಬಿಡುವ ಮನುಷ್ಯ. ಅವನ ಕೈಯಲ್ಲೂ ಅರಿವೆ ಇತ್ತು, ಗ್ಯಾಂಗಿನ ಆಳುಗಳಿಗೆ ಸಾಲುವಷ್ಟು ದೊಡ್ಡದು. ಬಂದವರೆಲ್ಲ ಚಂದ್ರವ್ವನ ಯೋಗಕ್ಷೇಮ ವಿಚಾರಿಸಿದರು. ಹೋಗುವಾಗ ವಿಭೂತಿ ತಟ್ಟೆಯ ಪಕ್ಕದ ಸ್ಟೀಲು ಡಬ್ಬಿಯಲ್ಲಿ, ರೊಟ್ಟಿ ಸಿಗದಿದ್ದರೂ, ಒಂದೊಂದು ನೋಟು ತುರುಕಿದರು. ಒಬ್ಬನೂ ಅದನ್ನು ನೋಡಿಕೊಂಡು ಹಾಕಲಿಲ್ಲ; ಕಣ್ಣು ಬೇರೆ ಕಡೆ, ಕೈ ಡಬ್ಬಿಯ ಕಡೆ.

ಬಾಗಿಲು ಮುಚ್ಚಿದ ಮೇಲೆ ನೀಲಕಂಠಪ್ಪ ಡಬ್ಬಿಯನ್ನು ಎತ್ತಿ ಹಿಡಿದ.

“ಇದು ಮಠದ ಡಬ್ಬಿ ಅಲ್ಲೇನು?”

“ಮಠದ್ದಂತ ನಾ ಯಾವಾಗ ಹೇಳೇನಿ?” ಎಂದಳು ಚಂದ್ರವ್ವ.

“ಮತ್ತ ಸೋಮವಾರ ಸೋಮವಾರ ನಾನೂ ಹಾಕತಿದ್ನೆಲ್ಲ ಇದರಾಗ?”

“ಹಾಕತಿದ್ರಿ. ಸಕ್ರಿಗೆ ಆಗತಿತ್ತು. ಸುಮ್ಮಿದ್ದೆ.”

ಅವನು ಡಬ್ಬಿಯನ್ನು ಕೆಳಗಿಟ್ಟ. ಎಷ್ಟು ವರ್ಷದಿಂದ ಇದು ನಡೆದಿದೆ ಎಂದು, ಆದಷ್ಟು ದನಿ ತಗ್ಗಿಸಿ, ಅಂದರೆ ಪಕ್ಕದ ಮನೆಗೆ ಮಾತ್ರ ಕೇಳುವಂತೆ, ಕೇಳಿದ.

“ನೀವು ಮನಿ ಖರ್ಚಿಗೆ ಕೊಡೂದು ಹೆಚ್ಚ ಮಾಡೂದು ಬಿಟ್ರೆಲ್ಲ, ಆವಾಗಿಂದ.”

ಬೇಳೆ ಏರಿತ್ತು, ಗ್ಯಾಸು ಏರಿತ್ತು, ಮಗಳು ವೈಶಾಲಿ ನರ್ಸಿಂಗ್ ಓದಿ ಮುಗಿಸಿ ನಾಶಿಕದಲ್ಲಿ ಕೆಲಸಕ್ಕೆ ಸೇರಿದ್ದಳು. ಅವನು ಕೊಡುವುದು ಮಾತ್ರ ಅಷ್ಟೇ ಇತ್ತು. ಇಷ್ಟರಲ್ಲೇ ಸಂಸಾರ ತೂಗಿಸುವ ಹೆಂಗಸು ನನ್ನ ಹೆಂಡತಿ ಎಂದು ಸಂಘದಲ್ಲಿ ನಾಲ್ಕು ಜನರೆದುರು ಹೇಳಿಕೊಂಡದ್ದೂ ಉಂಟು. ಚಂದ್ರವ್ವ ಒಂದೊಂದಾಗಿ ಹೇಳಿದಳು, ಮಗಳ ಫೀಸು ಕಟ್ಟಿದ್ದನ್ನೂ. ದಿನಾ ಬೆಳಗ್ಗೆ ಅವನು ಹೋದ ಕೂಡಲೇ ಜೋಳದ ಹಿಟ್ಟು ನಾದಿ, ಮಧ್ಯಾಹ್ನದ ತನಕ ರೊಟ್ಟಿ ಬಡಿಯುವುದು. ಎಣಿಸಿ ಕೊಟ್ಟದ್ದಿಲ್ಲ, ಕೈಯಲ್ಲಿ ರೊಕ್ಕ ಈಸಿಕೊಂಡದ್ದಿಲ್ಲ; ಅನ್ನ ಮಾರಿದಳು ಎಂಬ ಮಾತು ಬರಬಾರದು. ಸುಹಾಸ ಒಮ್ಮೆ ಕ್ಯೂಆರ್ ಕೋಡ್ ತಂದು ಬಾಗಿಲಿಗೆ ಅಂಟಿಸುತ್ತೇನೆ ಎಂದಿದ್ದ. ಅದನ್ನು ಅಂಟಿಸಿದರೆ ಮನೆ ಅಂಗಡಿಯಾಗುತ್ತದೆ ಎಂದು ಗದರಿಸಿ ಕಳಿಸಿದ್ದಳು.

ನೀಲಕಂಠಪ್ಪ ಮನಸ್ಸಿನಲ್ಲೇ ಆ ಜನರನ್ನೆಲ್ಲ ಒಬ್ಬೊಬ್ಬರಾಗಿ ಮತ್ತೆ ಸಂಶಯಿಸಿದ. ಆಮೇಲೆ ಡಬ್ಬಿಯನ್ನು. ಆಮೇಲೆ, ಬಹಳ ಹೊತ್ತು, ಚಂದ್ರವ್ವನನ್ನು.

ಅವನಿಗೆ ಹೇಳುವ ಮನಸ್ಸಿರಲಿಲ್ಲ. ಆದರೆ ಮುಂದಿನ ಭೇಟಿಯಲ್ಲಿ ಚಂದ್ರವ್ವನೇ ಹರಿಣಿಗೆ ಹೇಳಿಬಿಟ್ಟಳು. ಹರಿಣಿ ಪೆನ್ನು ಕೆಳಗಿಟ್ಟು ತಲೆಗೆ ಕೈಹಚ್ಚಿಕೊಂಡಳು. ಆಸ್ಪತ್ರೆಯ ಹೇಳಿಕೆ ಆಗಲೇ ಕಂಪನಿಯ ಕೈಯಲ್ಲಿತ್ತು. ಈಗ ನಿಂತ ಗಳಿಕೆಯ ಬಾಬ್ತನ್ನು ಹೊಸದಾಗಿ ಸೇರಿಸಿ, ಅದನ್ನು ಸಾಬೀತು ಮಾಡಬೇಕು. ಅಂಕಲ್ ಕಟಕಟೆ ಹತ್ತಿ ಹೌದು ಅನ್ನಬೇಕು ಎಂದಳು. ಅಂಕಲ್ ಒಪ್ಪಲಿಲ್ಲ. ಸಂಘದಲ್ಲಿ ಮುಖ ತೋರಿಸುವುದು ಹೇಗೆ ಎಂದ. ಆಸ್ಪತ್ರೆಯ ಖರ್ಚು, ನೋವಿನ ಅಂದಾಜು, ಎರಡು ಬಂದರೆ ಸಾಕು, ಮೂರನೆಯದು ಬಿಟ್ಟುಬಿಡೋಣ ಎಂದ.

ಮನೆಗೆ ಬರುವ ರಿಕ್ಷಾದಲ್ಲಿ ಚಂದ್ರವ್ವ ಒಂದೇ ಮಾತು ಆಡಿದಳು.

“ನೋವಿಗೆ ಕೊಡತಾರಂತ. ನೋವು ಎಲ್ಲಾರಿಗೂ ಬರತೈತಿ. ಕೆಲಸಾ ನಂದಿತ್ತು.”

ರಿಕ್ಷಾದವನು ಕನ್ನಡಿಯಲ್ಲಿ ನೋಡಿದ. ಇವನೂ ಕಂಪನಿಯವನಿರಬಹುದು ಎಂದು ನೀಲಕಂಠಪ್ಪ ಕನ್ನಡಿಗೆ ಸಿಗದಂತೆ ಪಕ್ಕಕ್ಕೆ ಸರಿದು ಕೂತ.

ಕೊನೆಗೆ ಒಂದು ಹೊಂದಾಣಿಕೆಯಾಯಿತು. ಬಾಬ್ತು ಸೇರಲಿ, ಸಾಕ್ಷಿ ಮಾತ್ರ ಶರಣಬಸಪ್ಪ ಹೇಳಲಿ. ದೊಡ್ಡ ಗಿರಾಕಿ, ದೈವಭಕ್ತ, ಅಂಥವನ ಮಾತನ್ನು ಯಾವ ಜಡ್ಜರೂ ತಳ್ಳಿಹಾಕಲಾರರು. ಶರಣಬಸಪ್ಪ ಕೂಡಲೇ ಒಪ್ಪಿದ. ಅವ್ವನ ಋಣ ತೀರಿಸುವ ಗಳಿಗೆ ಬಂತು ಎಂದ. ಇಂಗ್ಲಿಷಿನಲ್ಲಿದ್ದ ಪ್ರಮಾಣಪತ್ರದ ಮೇಲೆ ಹರಿಣಿ ತೋರಿಸಿದ ಕಡೆಯಲ್ಲೆಲ್ಲ ಸಹಿ ಮಾಡಿದ. ಅವನು ಇಷ್ಟು ಬೇಗ ಒಪ್ಪಿದ್ದು ನೀಲಕಂಠಪ್ಪನಿಗೆ ಸರಿಕಾಣಲಿಲ್ಲ. ಆದರೆ ಅವನಿಗೆ ಸರಿಕಂಡದ್ದು ಯಾವುದಿತ್ತು?

ದಿಂಡೋಶಿ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಮೊದಲು ಚಂದ್ರವ್ವನ ಸಾಕ್ಷಿ. ಕಂಪನಿಯ ವಕೀಲ ಧನರಾಜ್ ಎಂಬವನು ಬೆಣ್ಣೆಯಂಥ ದನಿಯವನು. ಕೈಯ ಬಗ್ಗೆ ಬಹಳ ಕೇಳಿದ: ಲೋಟ ಹಿಡಿಯಲು ಬರುತ್ತದೆಯೇ, ಕುಂಕುಮ ಹಚ್ಚಿಕೊಳ್ಳಲು ಬರುತ್ತದೆಯೇ. ರೊಟ್ಟಿಯ ಸುದ್ದಿಯನ್ನೇ ಎತ್ತಲಿಲ್ಲ. ಹರಿಣಿ ಹಿಗ್ಗಿದಳು. ನೀಲಕಂಠಪ್ಪನಿಗೆ ಮಾತ್ರ, ಕೊಳ್ಳುವವನು ದರದ ಮಾತನ್ನೇ ತೆಗೆಯದಿದ್ದರೆ ಆಗುವಂಥ ಕಸಿವಿಸಿ ಆಯಿತು. ಇವನು ಏನೋ ಉಳಿಸಿಟ್ಟುಕೊಂಡಿದ್ದಾನೆ ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ. ನಿಮಗ ಯಾವಾಗೂ ಹಂಗ ಅನಸತೈತಿ ಎಂದಳಾಕೆ.

ಅವನು ಉಳಿಸಿಟ್ಟುಕೊಂಡದ್ದು ಶರಣಬಸಪ್ಪನಿಗೆ. ಮೇಸ್ತ್ರಿ ಇಸ್ತ್ರಿಯ ಧೋತರ, ಹೊಸ ಟೋಪಿ ಹಾಕಿಕೊಂಡು ಬಂದಿದ್ದ. ಸಂಘದ ಇನ್ನಿಬ್ಬರು ಹಿರಿಯರೂ ನೋಡಲಿಕ್ಕೆಂದು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಧನರಾಜ್ ಪಾಟೀಸವಾಲಿಗೆ ಎದ್ದು, ಪ್ರಮಾಣಪತ್ರವನ್ನು ಹಿಂದಿಯಲ್ಲಿ ಬಿಡಿಸಿ ಹೇಳಿ, ಮೆಲ್ಲಗೆ ಕೇಳಿದ. ಅಂದರೆ ಈ ಹೆಂಗಸು ಗಂಡ ಇಲ್ಲದ ಹೊತ್ತಿನಲ್ಲಿ ಮನೆಯಲ್ಲೇ ಖಾನಾವಳಿ ನಡೆಸುತ್ತಿದ್ದಳು, ದಿನಾ ಗಂಡಸರು ಬಂದು ರೊಕ್ಕ ಕೊಟ್ಟು ಅನ್ನ ಕೊಂಡು ಹೋಗುತ್ತಿದ್ದರು, ಹೌದೋ?

ಶರಣಬಸಪ್ಪನ ಹಣೆಯ ವಿಭೂತಿ ನೆರಿಗೆಗಟ್ಟಿತು. ಹರಿಣಿ ಎದ್ದು ಆಕ್ಷೇಪಿಸುವಷ್ಟರಲ್ಲಿ ಉತ್ತರ ಬಂದಾಗಿತ್ತು. ಯಾರು ಹೇಳಿದ್ದು ಮಾರಿದಳೆಂದು? ಆ ತಾಯಿ ಒಂದು ತುಣುಕು ರೊಟ್ಟಿ ಮಾರಿಲ್ಲ. ದಾಸೋಹ ಮಾಡಿದ್ದಾಳೆ. ಡಬ್ಬಿಯಲ್ಲಿ ಹಾಕಿದ್ದು ಕಾಣಿಕೆ. ಹಾಕಿದವರುಂಟು, ಹಾಕದವರುಂಟು; ಕಾಣಿಕೆಗೆ ಲೆಕ್ಕ ಎಲ್ಲಿಯದು? ಅನ್ನ ಮಾರುವ ಮನೆತನವಲ್ಲ ಅದು, ಬರೆದುಕೊಳ್ಳಿ ಎಂದು ಟೈಪು ಮಾಡುವವನಿಗೇ ಆಜ್ಞೆ ಮಾಡಿದ.

ಧನರಾಜ್, ಕಚೇರಿ ಬಿಡುವ ಹೊತ್ತಿನಲ್ಲಿ ಸದಾ ಕಿಕ್ಕಿರಿದಿರುವ ವಿರಾರ್ ಲೋಕಲ್ ಖಾಲಿ ಬಂದು ನಿಂತದ್ದನ್ನು ಕಂಡವನಂತೆ, ಇನ್ನೇನೂ ಕೇಳದೆ ಕೂತುಬಿಟ್ಟ.

ಊಟದ ಬಿಡುವಿನಲ್ಲಿ ಶರಣಬಸಪ್ಪ ಮೊಗಸಾಲೆಯಲ್ಲಿ ನೀಲಕಂಠಪ್ಪನ ಭುಜ ತಟ್ಟಿದ.

“ಯಜಮಾನ್ರ, ಚಿಂತಿ ಮಾಡಬ್ಯಾಡ್ರಿ. ಆ ವಕೀಲ ನಿಮ್ಮ ಮರ್ಯಾದಿ ತಗೀಲಿಕ್ಕೆ ನಿಂತಿದ್ದ. ನಾ ಬಿಡಲಿಲ್ಲ.”

ಹಿರಿಯರಿಬ್ಬರೂ ತಲೆದೂಗಿದರು. ಇವನನ್ನು ಕಂಪನಿಯವರು ಕೊಂಡಿದ್ದಾರೋ ಎಂದು ನೀಲಕಂಠಪ್ಪ ಅವನ ಮುಖವನ್ನು ತಳದ ತನಕ ನೋಡಿದ. ಅಲ್ಲಿ ಭಕ್ತಿಯ ಹೊರತು ಏನೂ ಇರಲಿಲ್ಲ. ಲಂಚ ತಿಂದವನಾಗಿದ್ದರೆ ಬೈಯಬಹುದಿತ್ತು. ಇವನು ಆಡಿದ್ದು ತಾನು ಆಸ್ಪತ್ರೆಯಲ್ಲಿ ಆಡಿದ ಮಾತನ್ನೇ. ಇನ್ನಷ್ಟು ಚೆಂದ ಮಾಡಿ ಆಡಿದ್ದ, ಅಷ್ಟೇ.

ಹರಿಣಿ ಸ್ಪಷ್ಟವಾಗಿ ಹೇಳಿದಳು. ಖರ್ಚು ಸಿಗಬಹುದು, ನೋವಿಗೂ ಏನಾದರೂ ಸಿಗಬಹುದು. ಕೆಲಸದ ಬಾಬ್ತು ಮಾತ್ರ ಹೋಯಿತು. ತೀರ್ಪಿನಲ್ಲಿ ಆಂಟಿ ಯಾವ ದುಡಿಮೆಯೂ ಇಲ್ಲದವರು, ಆ ಕೈಯಿಂದ ನಿಂತದ್ದು ಏನೂ ಇಲ್ಲ ಎಂದೇ ಬರೆಯುತ್ತಾರೆ. ಸಾಕ್ಷಿಗಳ ಪಟ್ಟಿಯಲ್ಲಿ ಅಂಕಲ್ ಹೆಸರು ಇದೆ. ಬೇಕಾದರೆ ಇವತ್ತೇ ಕರೆಯಬಹುದು. “ನಾನು ಫೋರ್ಸ್ ಮಾಡುವುದಿಲ್ಲ. ನೀವು ಹತ್ತಿದ್ರೆ ಆ ಆಸ್ಪತ್ರೆಯ ಪೇಪರ್ ನಿಮ್ಮ ಮುಖಕ್ಕೆ ಹಿಡಿತಾರೆ. ಅದೂ ಹೇಳ್ತೇನೆ.”

ಚಂದ್ರವ್ವ ಬೆಂಚಿನ ತುದಿಯಲ್ಲಿ ಕೂತು ಎಡಗೈಯಿಂದ ಡಬ್ಬಿಯ ಅವಲಕ್ಕಿ ತಿನ್ನುತ್ತಿದ್ದಳು. ಚಮಚ ಇನ್ನೂ ಆಕೆಗೆ ಒಗ್ಗಿರಲಿಲ್ಲ. ಅರ್ಧ ಮಡಿಲಿಗೆ ಬೀಳುತ್ತಿತ್ತು. ಈ ಮಾತೆಲ್ಲ ಆಕೆಗೆ ಕೇಳಿಸಿತ್ತು. ಗಂಡನ ಕಡೆ ನೋಡಲಿಲ್ಲ. ಏನನ್ನೂ ಬೇಡಲಿಲ್ಲ. ಬೇಡಿದ್ದರೆ ಅವನಿಗೆ ಇದರಲ್ಲಿ ಏನೋ ಇದೆ ಎಂದು ಸಂಶಯಿಸಲು ಅನುಕೂಲವಾಗುತ್ತಿತ್ತು.

ಬಿಡುವಿನ ನಂತರ ಕರೆದಾಗ ನೀಲಕಂಠಪ್ಪ ಕಟಕಟೆ ಹತ್ತಿದ. ಬೆಳಗಾವಿಯ ಮರಾಠಿಯಲ್ಲಿ ಪ್ರಮಾಣ ಮಾಡಿದ. ಹರಿಣಿ ಕೇಳಿದ್ದಕ್ಕೆ, ಹೆಂಡತಿ ರೊಟ್ಟಿ ಮಾಡಿ ಮಾರುತ್ತಿದ್ದಳು, ಅದು ನಿಂತುಹೋಯಿತು ಎಂದ. ಹಿಂದಿನ ಬೆಂಚು ಕಿರುಗುಟ್ಟಿತು. ಧನರಾಜ್ ಅವಸರವಿಲ್ಲದೆ ಎದ್ದು, ಆಸ್ಪತ್ರೆಯ ಹೇಳಿಕೆಯನ್ನು ಮುಂದೆ ಹಿಡಿದು, ಇದರ ಕೆಳಗಿನ ಸಹಿ ತಮ್ಮದೇ ಅಲ್ಲವೇ ಎಂದ. ಹೌದು ಎಂದ ನೀಲಕಂಠಪ್ಪ. ಓದಿ ಮಾಡಿದ ಸಹಿಯೇ? ಓದಿ ಮಾಡಿದ್ದು. ಹಾಗಾದರೆ ತಾವು ಸುಳ್ಳು ಹೇಳಿದ್ದು ಆವಾಗಲೋ, ಈಗಲೋ?

ನೀಲಕಂಠಪ್ಪ ಶರಣಬಸಪ್ಪನ ಕಡೆ ನೋಡಿದ. ಮೇಸ್ತ್ರಿ ಬೇಡ ಬೇಡ ಎಂಬಂತೆ ತಲೆಯಾಡಿಸುತ್ತಿದ್ದ, ಇನ್ನೂ ಇವನ ಮಾನ ಕಾಪಾಡುವ ಪ್ರಯತ್ನದಲ್ಲೇ ಇದ್ದ.

“ಆವಾಗ,” ಎಂದ ನೀಲಕಂಠಪ್ಪ. ಆಸ್ಪತ್ರೆಯೊಂದೇ ಅಲ್ಲ, ಸಂಘದಲ್ಲಿ ಹೇಳಿದ್ದೂ ಸುಳ್ಳೇ ಎಂದು ಸೇರಿಸಿದ. ನಾನು ಕೊಡುತ್ತಿದ್ದುದರಲ್ಲಿ ಮನೆ ನಡೆಯುತ್ತಿರಲಿಲ್ಲ. ಆ ಡಬ್ಬಿ ಮನೆ ನಡೆಸುತ್ತಿತ್ತು. ಮಗಳ ಫೀಸನ್ನೂ ಅದೇ ಕಟ್ಟಿತು.

ಇಲ್ಲಿಯ ತನಕ ಗದ್ದಕ್ಕೆ ಕೈಕೊಟ್ಟು ಕೂತಿದ್ದ ಜಡ್ಜರು ತಲೆಯೆತ್ತಿದರು. ಸುಮಾರು ಎಷ್ಟು ಬರುತ್ತಿತ್ತು ಎಂದು ಅವರೇ ಕೇಳಿದರು. ಗೊತ್ತಿಲ್ಲ ಎಂದ ನೀಲಕಂಠಪ್ಪ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಮಾಲು ತಪಾಸಣೆಯ ಕೆಲಸದವರು ಅನ್ನುತ್ತೀರಿ, ಗೊತ್ತಿಲ್ಲ ಎಂದರೆ ಹೇಗೆ? ಕೇಳಲಿಲ್ಲವೇ?

ಅವನ ಮರಾಠಿ ಅಲ್ಲಿಗೆ ತೀರಿತು. ಕನ್ನಡದಲ್ಲೇ ಹೇಳಿದ, ಹರಿಣಿ ಅನುವಾದಿಸಬೇಕಾಯಿತು.

“ಸಂಶಯಾನ ಬರಲಿಲ್ರಿ ಸಾಹೇಬ್ರ. ಎಷ್ಟಂತ ಆಕಿನ್ನ ಕೇಳ್ರಿ. ಆಕಿಗೆ ಗೊತ್ತೈತಿ.”

ಧನರಾಜ್ ಆಕ್ಷೇಪಿಸಿದ. ಸಾಕ್ಷಿ ಮುಗಿದವರನ್ನು ಮತ್ತೆ ಕರೆಯುವುದು ಪದ್ಧತಿಯಲ್ಲ ಎಂದ. ಜಡ್ಜರು ಕೇಳಿಸಿಕೊಂಡು, ಕರೆಯಿರಿ ಎಂದರು.

ಚಂದ್ರವ್ವ ಎದ್ದಳು. ಕಟಕಟೆಯಿಂದ ಇಳಿಯುತ್ತಿದ್ದ ಗಂಡ ಎದುರಾದಾಗ ಒಂದು ಗಳಿಗೆ ನಿಂತು, ಈ ಮನುಷ್ಯನಿಗೆ ಇದ್ದಕ್ಕಿದ್ದಂತೆ ಏನಾಯಿತು, ಇದರ ಹಿಂದೆ ಏನಿರಬಹುದು ಎಂಬಂತೆ ಅವನನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಅವನಿಗೆ ಆ ನೋಟದ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಟೈಪು ಮಾಡುವವನು ಹಳೆಯ ರೂಢಿಯಂತೆ ಹೆಸರು, ವಯಸ್ಸು ಹೊಡೆದು, ಉದ್ಯೋಗದ ಎದುರಿಗೆ ತಾನಾಗಿಯೇ ಗೃಹಿಣಿ ಎಂದು ಶುರುಮಾಡಿದ್ದ. ಚಂದ್ರವ್ವ ಕಟಕಟೆಯಿಂದ ಬಾಗಿ ಪರದೆಯನ್ನು ನೋಡಿದಳು. ಓದಲು ಬರುತ್ತಿತ್ತು, ಮರಾಠಿಯೂ.

“ಅದನ್ನ ಅಳಸ್ರಿ. ರೊಟ್ಟಿ ಮಾಡಿ ಮಾರತಿದ್ನಿ ಅಂತ ಬರೀರಿ. ಆಮ್ಯಾಲ ಎಷ್ಟಂತ ಹೇಳತೀನಿ.”

ಹಿಂದಿನ ಬೆಂಚಿನಲ್ಲಿ ಶರಣಬಸಪ್ಪ ಹೊಸ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಟೈಪು ಮಾಡುವವನು ಜಡ್ಜರ ಮುಖ ನೋಡಿದ. ಅವರು ತಲೆಯಾಡಿಸಿದ ಮೇಲೆ ಒಂದೊಂದೇ ಅಕ್ಷರ ಅಳಿಸತೊಡಗಿದ.